ತಮ್ಮನಿಗೆ, ಕರ್ತನ ಭೋಜನದ ಹಿಂದಿನ ರಾತ್ರಿ

ಜತ್ತ ತಾಲೂಕು, ಸಾಂಗಲಿ ಜಿಲ್ಲೆ
ಶನಿವಾರ ರಾತ್ರಿ

ಪ್ರೀತಿಯ ತಮ್ಮಾ,

ಪುಣೆಯ ನಿಮ್ಮ ಸಭೆಯವರು ಸಂಡೇ ಸ್ಕೂಲಿನ ಮಕ್ಕಳನ್ನು ನಿನಗೆ ಒಪ್ಪಿಸಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಬಹಳ ಹಿಗ್ಗಿದಳು. ನಿನ್ನ ಕಾಗದದ ಕೊನೆಯ ಸಾಲನ್ನು ಮಾತ್ರ ಓದದೆ ಮಡಚಿಟ್ಟೆ. ‘ನನ್ನಂಥವ ಮಕ್ಕಳಿಗೆ ಏನ್ ಮಾದರಿ ಆದಾನು ಅಕ್ಕಾ?’ ಎಂದು ಕೇಳಿದ್ದೀಯಲ್ಲ, ಆ ಮಾತು ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ.

ನಾಳೆ ನಮ್ಮಲ್ಲಿ ಕರ್ತನ ಭೋಜನ. ಹಿಂದಿನ ರಾತ್ರಿ ಒಬ್ಬರೇ ಕೂತು ಎದೆ ಮುಟ್ಟಿ ನೋಡಿಕೊಳ್ಳುವುದು ಅಪ್ಪ ಕಲಿಸಿದ ರೂಢಿ. ತನ್ನನ್ನು ತಾನು ಪರೀಕ್ಷಿಸಿಕೊಂಡೇ ಆ ಭೋಜನಕ್ಕೆ ಬರಬೇಕೆಂದು ಪೌಲನೂ ಕೊರಿಂಥದ ಸಭೆಗೆ ಹೇಳಿದ್ದಾನೆ. ಹಾಗೆ ಕೂತಾಗ, ನಿನಗೆ ಇಷ್ಟು ವರ್ಷ ಹೇಳದ ಸಂಗತಿಯೊಂದನ್ನು ಬರೆಯಬೇಕು ಅನಿಸಿತು.

ಬಾವಿಗಳೆಲ್ಲ ಬತ್ತಿ, ಬೋರಿನಲ್ಲಿ ಬರೀ ಗಾಳಿ ಬರುತ್ತಿದ್ದ ಆ ಬೇಸಗೆ ನೆನಪಿದೆಯಲ್ಲ? ಊರಿಗೆ ಟ್ಯಾಂಕರ್ ಬಂದಿತ್ತು. ನನ್ನ ಮುಂದಿನ ಪಾಳಿಯ ಮುದುಕಿ ಕೊಡ ಇಟ್ಟು ಬೇವಿನ ನೆರಳಿಗೆ ಹೋಗಿ ಕೂತಿದ್ದಳು. ನಾನು ಅತ್ತಿತ್ತ ನೋಡಿ, ಅವಳ ಕೊಡವನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ನನ್ನ ಎರಡೂ ಕೊಡ ತುಂಬಿಕೊಂಡೆ. ಅವಳು ಎದ್ದು ಬರುವಷ್ಟರಲ್ಲಿ ಪೈಪು ಬುಸುಗುಡುತ್ತಿತ್ತು. ಅರ್ಧ ಕೊಡ ಸಿಕ್ಕಿತು, ಅದೂ ರಾಡಿ ನೀರು. ಆಕೆ ಒಂದು ಮಾತೂ ಆಡಲಿಲ್ಲ. ಕೊಡದ ಬಾಯಿಗೆ ಸೆರಗು ಮುಚ್ಚಿ ಹೊತ್ತುಕೊಂಡು ಹೋದಳು.

ಮುಂದಿನ ಸಲ ಟ್ಯಾಂಕರ್ ಬಂದಾಗ ನನ್ನ ಸಂಡೇ ಸ್ಕೂಲಿನ ಎಂಟು ವರ್ಷದ ಹುಡುಗನೊಬ್ಬ ಇನ್ನೊಬ್ಬರ ಕೊಡವನ್ನು ಹಾಗೆಯೇ ಕಾಲಿನಿಂದ ಸರಿಸಿದ. ಗದರಿದೆ. ಅವನು ಬೆರಗಾಗಿ ನನ್ನ ಮುಖ ನೋಡಿದ. ‘ಮೊನ್ನೆ ನೀವೂ ಹಿಂಗs ಸರಿಸಿದ್ರೆಲ್ಲಾ ಅಕ್ಕೋರ?’ ಅವನ ದನಿಯಲ್ಲಿ ದೂರು ಇರಲಿಲ್ಲ ತಮ್ಮಾ. ಹಾಗೆ ಮಾಡಬಹುದು ಎಂದು ಕಲಿತಿದ್ದ, ಅಷ್ಟೇ. ಹಿಂದಿನ ಭಾನುವಾರವಷ್ಟೇ ನಾನು ಒಳ್ಳೇ ಸಮಾರ್ಯದವನ ಕಥೆ ಹೇಳಿದ್ದೆ. ಅದು ಅವನಿಗೆ ಬಾಯಿಪಾಠವಾಗಿತ್ತು. ಕಾಲಿಗೆ ಬಂದದ್ದು ಮಾತ್ರ ನನ್ನ ಕಾಲಿನ ಪಾಠ.

ಆ ಸಂಜೆ ತುಂಬಿದ ಕೊಡ ಹೊತ್ತು ಮುದುಕಿಯ ಮನೆಗೆ ಹೋದೆ. ಹುಡುಗನನ್ನೂ ಕರೆದುಕೊಂಡು ಹೋದೆ. ಬಾಗಿಲಲ್ಲಿ ನಿಂತಾಗ ನಾಲಿಗೆ ಒಣಗಿತ್ತು. ‘ಮೊನ್ನೆ ನಿನ್ನ ಪಾಳಿ ನಾ ಕಸ್ಕೊಂಡಿನವ್ವಾ, ತಪ್ಪಾತು’ ಎಂದೆ. ‘ಅಷ್ಟಕ್ಕs ಬಂದಿಯೇನು? ಒಳಗ ಬಾ’ ಎಂದಳು. ನಾನು ತಂದ ನೀರಿನಲ್ಲೇ ಮೂವರಿಗೂ ಚಹಾ ಮಾಡಿದಳು. ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ನಾನು ಹೇಳಿದ ಎಷ್ಟೋ ಕಥೆ ಮರೆತಿದ್ದಾನೆ. ಆ ಚಹಾದ ಮಾತನ್ನು ಮಾತ್ರ ಮೊನ್ನೆ ಕೂಡ ತಾನಾಗಿ ಎತ್ತಿದ.

ತನ್ನ ಕೊರತೆಯನ್ನು ಬಾಯಿಬಿಟ್ಟು ಒಪ್ಪಿಕೊಂಡ ಇನ್ನೊಬ್ಬರ ಮಾತು ಹೇಳುತ್ತೇನೆ. ಪುಣೆ-ಸೊಲ್ಲಾಪುರ ರೈಲಿನಲ್ಲಿ ನೀನು ದಾಟುವ ಕೆಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇದೆಯಲ್ಲ. 1858ರಲ್ಲಿ ನಮ್ಮ ಕನ್ನಡನಾಡಿನ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು ಆಕೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ತಿರುಗಿ ಬಂದು ಶಾರದಾ ಸದನ ತೆರೆದರು, ವಿಧವೆಯರಿಗೆ ಅಕ್ಷರ ಕಲಿಸಿದರು, ದೇಶದ ಆಚೆಗೂ ಹೆಸರಾದರು. ಎಲ್ಲರೂ ಆಕೆಯತ್ತ ಬೆರಳು ಮಾಡಿ ತೋರಿಸುವ ಹೊತ್ತಿನಲ್ಲಿ ಆಕೆ ತನ್ನೊಳಗೆ ನೋಡಿಕೊಂಡರು. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿತ್ತು. ಕ್ರೈಸ್ತ ಧರ್ಮವೇನೋ ಸಿಕ್ಕಿದೆ, ಕ್ರಿಸ್ತನೇ ಇನ್ನೂ ಸಿಕ್ಕಿಲ್ಲ ಎಂಬುದು ಆಗ ತಿಳಿಯಿತು. ಅದನ್ನು ಮುಚ್ಚಿಡಲಿಲ್ಲ, ತನ್ನ ಸಾಕ್ಷಿಯಲ್ಲಿ ಬರೆದಿಟ್ಟರು. 1896ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕೈಹಿಡಿದು ಕರೆತಂದದ್ದು ಆಮೇಲಿನ ಮಾತು. ಒಳಗಿನ ಬರವನ್ನು ಒಪ್ಪಿಕೊಂಡವರಿಗೇ ಹೊರಗಿನ ಬರ ಕಣ್ಣಿಗೆ ಬೀಳುತ್ತದೆ ಎಂದು ನಾನು ನಂಬಿದ್ದೇನೆ.

ನಿನ್ನಂಥ ಹರೆಯದವನೇ ಆಗಿದ್ದ ತಿಮೊಥೆಗೆ ಪೌಲನು ವಿಶ್ವಾಸಿಗಳಿಗೆ ಮಾದರಿಯಾಗಿರು ಎನ್ನುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ, ನಿನ್ನ ವಿಷಯದಲ್ಲೂ ಉಪದೇಶದ ವಿಷಯದಲ್ಲೂ ಎಚ್ಚರವಾಗಿರು ಎಂದೂ ಹೇಳುತ್ತಾನೆ. ಅಲ್ಲಿ ಮೊದಲು ಬರುವುದು ‘ನೀನು’, ಉಪದೇಶದ ಮಾತು ಆಮೇಲೆ. ಮಕ್ಕಳೆದುರು ತಪ್ಪಿಲ್ಲದವನಾಗಿ ನಿಲ್ಲಬೇಕೆಂಬ ಹೆದರಿಕೆ ಬಿಡು. ಅದು ನಮ್ಮಿಂದ ಆಗುವ ಕೆಲಸವಲ್ಲ. ತಪ್ಪಿದ ಮನುಷ್ಯ ತಿರುಗಿ ಹೇಗೆ ಬರುತ್ತಾನೆ ಎಂಬುದನ್ನು ಅವರು ನಿನ್ನಲ್ಲಿ ನೋಡಲಿ. ಶನಿವಾರ ರಾತ್ರಿ ಪಾಠ ತೆರೆಯುವ ಮೊದಲು ಒಂದೇ ಒಂದು ಕೇಳಿಕೋ: ಈ ವಾರ ನಾನು ಯಾರ ಕೊಡ ಸರಿಸಿದೆ? ಹೆಸರು ನೆನಪಾದರೆ ಅವರ ಬಾಗಿಲಿಗೆ ಹೋಗಿ ಬಾ. ಆಮೇಲೆ ಮಕ್ಕಳ ಮುಂದೆ ನಿಲ್ಲು.

ಇನ್ನು ಮುಗಿಸುತ್ತೇನೆ. ಮೊನ್ನೆ ದೊಡ್ಡತ್ತಿಗೆಯೊಂದಿಗೆ ಬಿರುಸಾಗಿ ಮಾತಾಡಿಬಿಟ್ಟಿದ್ದೇನೆ. ನಿನಗೆ ಇಷ್ಟೆಲ್ಲ ಬರೆದ ಮೇಲೆ ಅದನ್ನು ಹಾಗೆಯೇ ಬಿಟ್ಟು ನಾಳೆ ರೊಟ್ಟಿಗೆ ಕೈ ಚಾಚಲಾರೆ. ಬೆಳಗ್ಗೆ ದೇವಾಲಯದ ಮೊದಲ ಗಂಟೆ ಬಾರಿಸುವ ಮುಂಚೆ ಅವರ ಮನೆಗೆ ಹೋಗಬೇಕು, ಬೇಗ ಏಳಬೇಕು.

ನಿನಗಾಗಿ ಪ್ರಾರ್ಥಿಸುವ,
ನಿನ್ನ ಅಕ್ಕ