ಮೊನೆ ಮುರಿದ ಚಾಕು

ತಲೆಮಾರುಗಳಿಂದ ಮನೆಯಲ್ಲಿ ಉಳಿದುಬಂದ ವಸ್ತುಗಳಲ್ಲಿ ಕೆಲವು ಪೂಜೆಗೆ ಸಲ್ಲುತ್ತವೆ, ಕೆಲವು ಬಳಕೆಗೆ ಸಲ್ಲುತ್ತವೆ. ಎರಡಕ್ಕೂ ಸಲ್ಲದೆ, ಎಸೆಯಲೂ ಮನಸ್ಸು ಬಾರದೆ ಪೆಟ್ಟಿಗೆಯ ತಳ ಸೇರುವ ವಸ್ತುವಿನ ಹಿಂದೆ ಯಾರದೋ ಅಳುಕು ಅಡಗಿರುವುದುಂಟು. ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥ ಶ್ರಾವಕರೊಬ್ಬರ ಮನೆಯಲ್ಲಿದ್ದ ಮಡಿಚುವ ಚಾಕು ಅಂಥದೊಂದು ವಸ್ತುವಾಗಿತ್ತು.

ಅದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಡ್ಜರ್ಸ್ ಕಾರ್ಖಾನೆಯದು. ಆ ನಗರದಲ್ಲಿ 1624ರಲ್ಲಿ ಸ್ಥಾಪಿತವಾದ ಚಾಕುಗಾರರ ಸಂಘವು ತಯಾರಕರ ಮುದ್ರೆಗಳನ್ನು ಕಾಪಾಡುತ್ತ ಬಂದಿತ್ತು. ನಕ್ಷತ್ರವೂ ಮಾಲ್ಟಾ ಶಿಲುಬೆಯೂ ಇರುವ ರಾಡ್ಜರ್ಸ್ ಮುದ್ರೆಯನ್ನು ನಮ್ಮ ದೇಶದ ವರ್ತಕರೂ ಬಲ್ಲರು. ಆ ಕಾಲದ ಚಾಕುಗಳ ಹಿಡಿಗಳು ಬಹುಮಟ್ಟಿಗೆ ಆನೆಯ ದಂತ, ಕಡವೆಯ ಕೊಂಬು, ದನದ ಮೂಳೆ ಇವುಗಳಿಂದ ಆದವು. ಅವೆಲ್ಲವನ್ನೂ ಬಿಟ್ಟು ಅಜ್ಜನವರು ಕರಿಮರದ ಹಿಡಿಯ ಚಾಕುವನ್ನೇ ಆರಿಸಿ ತಂದಿದ್ದರು. ಹತ್ತಿಯ ಅಂಡಿಗೆಯ ಹೊಲಿಗೆ ಬಿಚ್ಚಿ ಮಾದರಿ ತೆಗೆಯುವುದು, ಪೆನ್ಸಿಲು ಹೆರೆಯುವುದು, ಇಷ್ಟೇ ಅದರ ಕೆಲಸ.

1972ರ ದೀಪಾವಳಿಯ ದಿನಗಳು. ಮನೆಯ ಹನ್ನೆರಡು ವರ್ಷದ ಮೊಮ್ಮಗ ಉಂಡಿಯ ಡಬ್ಬಿಯ ಬಿಗಿದ ಮುಚ್ಚಳಕ್ಕೆ ಚಾಕುವಿನ ಮೊನೆ ಹಾಕಿ ಮೀಟಿದ. ಮೊನೆ ಮುರಿಯಿತು. ಹುಡುಗ ಚಾಕುವನ್ನು ಮಡಿಚಿ ಗಾದಿಯ ಮೇಲಿಟ್ಟು ಸುಮ್ಮನಾದ. ಸಂಜೆ ವಿಚಾರಣೆ ನಡೆದಾಗ ಅಂಗಡಿಯ ಕೈಯಾಳು ಹುಡುಗನ ಮೇಲೆ ಸಂಶಯ ಬಂದಿತು. ಅವನು ತಾನಲ್ಲವೆಂದನು. ಚಾಕು ಮುರಿದುದಕ್ಕಲ್ಲ, ಸುಳ್ಳಾಡಿದನೆಂಬುದಕ್ಕೆ ಅವನನ್ನು ಕೆಲಸದಿಂದ ಬಿಡಿಸಲಾಯಿತು. ಅಂದು ಆ ಅಂಗಡಿಯಲ್ಲಿ ನಿಜ ನುಡಿದವನು ಅವನೊಬ್ಬನೇ. ಮುರಿದವನು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದನು.

ಆ ಮೊಮ್ಮಗ ಬೆಳೆದು ವ್ಯಾಪಾರ ವಹಿಸಿಕೊಂಡರು, ಬಸದಿಯ ಆಡಳಿತದಲ್ಲಿಯೂ ಕೈಗೂಡಿಸಿದರು. ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯಂದು ಬಂಧುಮಿತ್ರರ, ಗಿರಾಕಿಗಳ ಮನೆಗಳಿಗೆ ಹೋಗಿ ಕೈಮುಗಿದು ಕ್ಷಮೆ ಬೇಡುತ್ತಿದ್ದರು. ಐವತ್ತು ವರ್ಷ ಬೇಡಿದರು. ಬೇಡಬೇಕಾಗಿದ್ದ ಒಂದು ಮನೆಗೆ ಮಾತ್ರ ಹೋಗಲಿಲ್ಲ.

2023ರ ಚಾತುರ್ಮಾಸದಲ್ಲಿ ಅವರ ಮೊಮ್ಮಗಳು ಪೆಟ್ಟಿಗೆಯಿಂದ ಆ ಚಾಕುವನ್ನು ತೆಗೆದು, “ಅಜ್ಜಾ, ಇದನ್ನ ಮುರಿದವರು ಯಾರು?” ಎಂದು ಕೇಳಿದಳು. ಉತ್ತರ ಹೊರಡಲಿಲ್ಲ. ಮರುದಿನ ಅದನ್ನು ದುರಸ್ತಿಗೆ ಹಿಡಿದರು.

ಸೀಮೆಎಣ್ಣೆಯಲ್ಲಿ ನೆನೆಸಿ ತುಕ್ಕನ್ನು ತಿಕ್ಕಿ ತೆಗೆದರು. ಬಿಗಿದುಹೋಗಿದ್ದ ಕೀಲಿಗೆ ಹೊಲಿಗೆಯಂತ್ರದ ಎಣ್ಣೆ ಬಿಟ್ಟು, ದಿನವೂ ತುಸುತುಸುವೇ ಆಡಿಸಿ ಸಡಿಲಿಸಿದರು. ಮೊನೆಯ ಪ್ರಶ್ನೆ ಕಠಿಣವಾಗಿತ್ತು. ಮುರಿದ ಚೂರನ್ನು ಮರಳಿ ಕೂಡಿಸುವಂತಿಲ್ಲ. ಬೆಸುಗೆಯ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಸಾಣೆ ಹಿಡಿಯುವವನೊಬ್ಬನು ತಿಳಿಹೇಳಿದಂತೆ, ಸವೆಸಬೇಕಾದುದು ಅಲಗಿನ ಬಾಯಿಯನ್ನಲ್ಲ, ಬೆನ್ನನ್ನು. ಬಾಯಿಯನ್ನು ಸವೆಸಿದರೆ ಹೊಸ ಮೊನೆ ಬೆನ್ನಿನ ಕಡೆಗೆ ಏರಿ, ಮಡಿಚಿದಾಗಲೂ ಹಿಡಿಯಿಂದ ಹೊರಚಾಚಿ ಕಿಸೆಯನ್ನೂ ಬೆರಳನ್ನೂ ಕೊಯ್ಯುತ್ತದೆ. ಬೆನ್ನನ್ನು ಇಳಿಜಾರಾಗಿ ಸವೆಸಿ ಬಾಯಿಗೆ ಕೂಡಿಸಿದರೆ ಮೊನೆ ಹಿಡಿಯೊಳಗೆ ಅಡಗುತ್ತದೆ. ಅಲಗಿನ ಈ ಆಕಾರಕ್ಕೆ ಕುರಿಯ ಕಾಲಿನ ಹೆಸರಿದೆ. ಹಡಗಿನ ಓಲಾಟದಲ್ಲಿ ಯಾರಿಗೂ ಚುಚ್ಚದಿರಲೆಂದು ನಾವಿಕರು ಇದನ್ನು ಬಳಸುತ್ತಿದ್ದರು. ಹದಗೊಂಡ ಉಕ್ಕಿನ ಮೇಲೆ ಅರ ಜಾರುತ್ತದೆ. ಯಂತ್ರದ ಚಕ್ರಕ್ಕೆ ಕೊಟ್ಟರೆ ಕಾವೇರಿ ನೀಲಿಬಣ್ಣ ತಿರುಗಿ ಹದ ಹೋಗುತ್ತದೆ. ಆದ್ದರಿಂದ ನೀರು ಹಾಕಿದ ಸಾಣೆಕಲ್ಲಿನ ಮೇಲೆ ಕೈಯಿಂದಲೇ ಹದಿನೆಂಟು ದಿನ ತೇದರು. ಕೊನೆಯ ಮೆರುಗಿಗೆ ಚರ್ಮದ ಪಟ್ಟಿಯ ಬದಲು ಹಲಗೆಗೆ ಬಿಗಿದ ದಪ್ಪ ಖಾದಿ ಸಾಕಾಯಿತು.

ಕ್ಷಮಾವಾಣಿಯಂದು ಆ ಚಾಕುವಿನೊಡನೆ ಹಳೆಯ ಕೈಯಾಳಿನ ಊರಿಗೆ ಹೋದರು. “ಅಣ್ಣಾ, ಇದನ್ನ ಮುರಿದಾವ ನಾನು” ಎಂದರು. ಆತನು ಅಲಗನ್ನು ಬಿಚ್ಚಿ ಬಹಳ ಹೊತ್ತು ನೋಡಿದನು. “ನಮ್ಮಪ್ಪ ಸಾಯೂತನಕ ನನ್ನ ನಂಬಲಿಲ್ರೀ, ಸಾವ್ಕಾರ್ರ” ಎಂದನು. ಕ್ಷಮಿಸಿದೆನೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಚಹಾ ತರಿಸಿದನು. ಚಾಕುವನ್ನು ಹಿಂದಿರುಗಿಸಿದನು.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಡಬ್ಬಿಯ ಮುಚ್ಚಳಕ್ಕೆ ಚಾಕು ಹಾಕಿದುದು ಬಾಲಕನ ಪ್ರಮಾದವೆನ್ನೋಣ. ಐವತ್ತು ವರ್ಷದ ಮೌನಕ್ಕೆ ಆ ಹೆಸರು ಸಲ್ಲದು. ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಆಲೋಚನೆ, ಎಂದರೆ ಮರೆಮಾಚದೆ ದೋಷವನ್ನು ಒಪ್ಪಿಕೊಳ್ಳುವುದು, ಮೊದಲನೆಯದು. ಮುಂದೆ ಛೇದವೆಂಬುದೂ ಒಂದುಂಟು. ತಪ್ಪಿದ ಮುನಿಯ ದೀಕ್ಷಾಕಾಲದ ಹಿರಿತನವನ್ನು ಅಷ್ಟು ಕಡಿತಗೊಳಿಸುವುದು. ಮುನಿಯು ಮುನಿಯಾಗಿಯೇ ಉಳಿಯುತ್ತಾನೆ, ಆದರೆ ಸಾಲಿನಲ್ಲಿ ಹಿಂದೆ ನಿಲ್ಲುತ್ತಾನೆ. ಕಳೆದುದು ಮರಳಿ ಬರುವುದಿಲ್ಲ. ಆ ಚಾಕುವೂ ಬೆರಳಗಲದಷ್ಟು ಗಿಡ್ಡಾಗಿದೆ. ದಾರ ಕೊಯ್ಯುತ್ತದೆ, ಚುಚ್ಚಲಾರದು.

ಈಗ ಅದು ಮತ್ತೆ ಅಂಗಡಿಯ ಗಾದಿಯ ಬಳಿ ಇದೆ. ಮೊಮ್ಮಗಳಿಗೆ ಉತ್ತರ ದೊರೆತಿದೆ. ದೀಪಾವಳಿಗೆ ಲೆಕ್ಕ ಮುಗಿಸಿ ಹೊಸ ವಹಿಗೆ ಪೂಜೆ ಮಾಡುವ ನಮ್ಮ ಮನೆತನಗಳು ಯಂತ್ರಕ್ಕೂ ಪೀಠೋಪಕರಣಕ್ಕೂ ತಪ್ಪದೆ ಸವಕಳಿ ಬರೆಯುತ್ತವೆ. ನಮ್ಮ ಮೌನದಿಂದ ಇನ್ನೊಬ್ಬರ ಮರ್ಯಾದೆಗೆ ಬಂದ ಸವಕಳಿಯನ್ನು ಯಾವ ಖಾತೆಯಲ್ಲಿ ಬರೆದಿದ್ದೇವೆ? ಕ್ಷಮಾವಾಣಿಯ ಮೊದಲ ಹೆಜ್ಜೆ ಹತ್ತಿರದ ಬಂಧುಗಳ ಮನೆಗಲ್ಲ, ಇಷ್ಟು ದಿನ ಹೋಗಲಾರದೆ ಉಳಿದ ಆ ಮನೆಯ ಕಡೆಗೆ ಬೀಳಲಿ.