ಸೊಂಟದಳತೆಯ ಲೆಕ್ಕ

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗೋ ಬಸ್ಸಿನಲ್ಲಿ ತಲೆಗೆ ಬಂದ ಪ್ರಶ್ನೆ: ಡ್ರೈವರಿಗೂ ಕಂಡಕ್ಟರಿಗೂ ಡಿಪೋ ಒಂದೇ, ದಾರಿ ಒಂದೇ. ಹೊಟ್ಟೆಯೂ ಒಂದೇ ಥರ ಇರುತ್ತಾ?

ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಇದನ್ನ ಎಂದೋ ಕೇಳಿದ್ದರು. ಕೂತೇ ಇರೋ ಡ್ರೈವರುಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರುಗಳಿಗೆ ಹೃದ್ರೋಗ ಕಮ್ಮಿ ಅಂತ 1953ರಲ್ಲಿ ತೋರಿಸಿದರು. 1956ರಲ್ಲಿ ಸಮವಸ್ತ್ರದ ಪ್ಯಾಂಟಿನ ಅಳತೆ ನೋಡಿದರೆ ಡ್ರೈವರುಗಳ ಸೊಂಟವೇ ದಪ್ಪ. ತಮಾಷೆ ಅಂದ್ರೆ, ಕೆಲಸಕ್ಕೆ ಸೇರುವಾಗಲೇ ಅವರು ಒಂಚೂರು ದಪ್ಪ ಇದ್ದರು! ತಪ್ಪೆಲ್ಲ ಸೀಟಿನದ್ದಲ್ಲ.

ನಮ್ಮ ಕಡೆ ತುಂಗಭದ್ರಾ ಎಡದಂಡೆ ನಾಲೆಯ ಗದ್ದೇಲಿ ದಿನವಿಡೀ ಬಗ್ಗಿ ಭತ್ತ ನಾಟಿ ಮಾಡೋ ಹೆಂಗಸರು, ರೈಸ್‌ಮಿಲ್ಲಿನ ಹಮಾಲರು, ಹಟ್ಟಿ ಚಿನ್ನದ ಗಣಿಗೆ ಇಳಿಯೋರು ಒಂದು ಕಡೆ. ದಲಾಲಿ ಅಂಗಡಿ ಗಾದಿ, ಕಚೇರಿ ಕುರ್ಚಿ, ಟ್ರ್ಯಾಕ್ಟರ್ ಸೀಟು ಇನ್ನೊಂದು ಕಡೆ. ಆದರೆ ಸಣ್ಣಗಿದ್ದೋರೆಲ್ಲ ಗಟ್ಟಿಮುಟ್ಟು ಅಂತೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ಸುಮಾರು ಶೇ 30 ಮಂದಿಗೆ ತೂಕ ಜಾಸ್ತಿ, ಸುಮಾರು ಶೇ 17 ಮಂದಿಗೆ ತೀರಾ ಕಮ್ಮಿ. ಒಂದೇ ರಾಜ್ಯ, ಎರಡೂ ತೊಂದರೆ.

ಈಗ ಭತ್ತ ಕೊಯ್ಯೋಕೂ ಮಷೀನು ಬಂದಿದೆ. ದುಡಿಮೆ ಕುಂತಲ್ಲೇ ಆಗ್ತಿದೆ, ತಟ್ಟೇಲಿ ಅನ್ನ ಮಾತ್ರ ಇನ್ನೂ ಚೀಲ ಹೊರೋರ ಲೆಕ್ಕದಲ್ಲೇ ಬೀಳ್ತಿದೆ. ಸೊಂಟದಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹುಷಾರು ಅಂತಾರೆ ಡಾಕ್ಟರು. ಟೇಪು ದರ್ಜಿ ಹತ್ರಾನೇ ಇದೆ, ಕೇಳಿ ನೋಡಿ.