ಎರಡು ಬಾಟಲಿ ನೀರು

2018ರ ಜನವರಿಯ ಒಂದು ರಾತ್ರಿ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ್ದರು. ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಮೊದಲ ಸಂಶೋಧನಾ ಪ್ರಬಂಧದ ಹಸ್ತಪ್ರತಿಯನ್ನು ಮುಗಿಸಲು ಕುಳಿತಿದ್ದೆ. ಬೆಳಗ್ಗೆ ಅದನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳುಹಿಸಬೇಕಿತ್ತು. ಶೀರ್ಷಿಕೆ, ಸಾರಾಂಶ, ಪೀಠಿಕೆ ಎಲ್ಲ ಆಗಿತ್ತು. ಉಳಿದಿದ್ದದ್ದು ವಿಧಾನದ ಭಾಗ ಮಾತ್ರ. ಯಾವ ನೀರನ್ನು ಎಲ್ಲಿಂದ ತಂದೆ, ಹೇಗೆ ಇಟ್ಟೆ, ಯಾವ ಉಪಕರಣದಲ್ಲಿ ಅಳೆದೆ ಎಂಬ ವಿವರ ಅದು. ಪ್ರಬಂಧದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ ಅದೇ ಎಂದು ನಾನು ತಿಳಿದಿದ್ದೆ.

ನಾನು ರಸಾಯನಶಾಸ್ತ್ರದ ಅಧ್ಯಾಪಕಿ. ಚಾಮರಾಜಪೇಟೆ ಮತ್ತು ಬಸವನಗುಡಿಯ ಹಳೆಯ ಮನೆಗಳಲ್ಲಿ ಉಳಿದಿರುವ 18 ಬಾವಿಗಳ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂಬುದು ನನ್ನ ವಿಷಯವಾಗಿತ್ತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಚಾಮರಾಜಪೇಟೆ ಅದಕ್ಕೂ ಸ್ವಲ್ಪ ಹಿಂದಿನದು. ಆ ಕಾಲದ ಮನೆಗಳ ಹಿತ್ತಲಲ್ಲಿ ಬಾವಿ ಇರುತ್ತಿತ್ತು. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರು ಬಂದ ಮೇಲೆ ಎಷ್ಟೋ ಬಾವಿಗಳನ್ನು ಮುಚ್ಚಿದರು. ಉಳಿದವುಗಳಲ್ಲಿ ಕೆಲವನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಹಾಕಲು ಬಳಸುತ್ತಾರೆ. ನಲ್ಲಿ ಕೈಕೊಟ್ಟ ದಿನ ಕುಡಿಯಲೂ ಬಳಸುತ್ತಾರೆ. ಚರಂಡಿಯ ಹೊಲಸು ನೆಲಕ್ಕೆ ಇಳಿದ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಬಾವಿ ಆಳವಾದಷ್ಟೂ ನೈಟ್ರೇಟ್ ಕಡಿಮೆಯಾಗುತ್ತದೆ ಎಂಬುದು ನನ್ನ ಪ್ರಬಂಧದ ತೀರ್ಮಾನವಾಗಿತ್ತು. ಗ್ರಾಫಿನಲ್ಲಿ ಬಿಂದುಗಳು ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಒಂದು ಗೆರೆಯಂತೆ ಇಳಿದಿದ್ದವು. ನೋಡಿದವರೆಲ್ಲ ಚೆನ್ನಾಗಿದೆ ಎಂದಿದ್ದರು.

ವಿಧಾನದ ಭಾಗದಲ್ಲಿ ನಾನು ಒಂದು ವಾಕ್ಯ ಬರೆದೆ: ಎಲ್ಲ ಮಾದರಿಗಳನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ 48 ಗಂಟೆಗಳೊಳಗೆ ಪರೀಕ್ಷಿಸಲಾಯಿತು. ನೀರಿನ ಬಗ್ಗೆ ಬರೆಯುವ ಬಹಳ ಮಂದಿ ಬರೆಯುವ ವಾಕ್ಯವಿದು. ಇದಕ್ಕೆ ಕಾರಣವೂ ಇದೆ. ನೀರು ಬಾಟಲಿಯಲ್ಲಿ ಬೆಚ್ಚಗೆ ಕುಳಿತರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸುಮ್ಮನಿರುವುದಿಲ್ಲ. ಅವು ಅಮೋನಿಯಾವನ್ನು ನೈಟ್ರೇಟ್ ಮಾಡಬಹುದು, ಇದ್ದ ನೈಟ್ರೇಟನ್ನು ತಿಂದು ಕಡಿಮೆಯೂ ಮಾಡಬಹುದು. ಆಮೇಲೆ ನಾವು ಅಳೆಯುವುದು ಬಾವಿಯ ನೀರನ್ನಲ್ಲ, ಬಾಟಲಿಯ ನೀರನ್ನು.

'ಎಲ್ಲ' ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿತು.

2017ರ ಏಪ್ರಿಲ್‌ನ ಒಂದು ಶುಕ್ರವಾರ ಸಂಜೆ ಬಸವನಗುಡಿಯ ಎರಡು ಮನೆಗಳಿಂದ ನೀರು ತಂದಿದ್ದೆ. ಮನೆಗೆ ಬಂದಾಗ ಮಗನಿಗೆ ಮೈ ಕಾದ ಹೆಂಚಿನಂತೆ ಜ್ವರ. ಎರಡು ದಿನ ಅವನ ಹಾಸಿಗೆಯ ಪಕ್ಕದಲ್ಲೇ ಕಳೆದೆ. ಸೋಮವಾರ ಸಂಜೆ ನೋಡಿದರೆ ಎರಡೂ ಬಾಟಲಿಗಳು ಬಾಗಿಲ ಹಿಂದಿನ ಚೀಲದಲ್ಲೇ ಇದ್ದವು. ಏಪ್ರಿಲ್‌ನ ಸೆಕೆ. ಮಂಗಳವಾರ ಪ್ರಯೋಗಾಲಯಕ್ಕೆ ಒಯ್ದು ಉಳಿದವುಗಳ ಜೊತೆ ಅಳೆದುಬಿಟ್ಟೆ. 'ಪರವಾಗಿಲ್ಲ, ಮತ್ತೆ ತಂದರಾಯಿತು' ಎಂದುಕೊಂಡಿದ್ದೆ. ತರಲಿಲ್ಲ. ಅಂಕಿಗಳು ಕೋಷ್ಟಕದಲ್ಲಿ ಸೇರಿಹೋದವು. ನನ್ನ 18 ಬಾವಿಗಳಲ್ಲಿ ಎಲ್ಲಕ್ಕಿಂತ ಆಳವಾದವು ಆ ಎರಡೇ. ಗೆರೆಯ ಕೊನೆಯಲ್ಲಿ ಕುಳಿತು ಇಡೀ ಗೆರೆಯನ್ನು ಹಿಡಿದುಕೊಂಡಿದ್ದವೂ ಅವೇ.

ಆ ರಾತ್ರಿ ಅವೆರಡನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ. ಗೆರೆ ಸಡಿಲವಾಯಿತು. ಆಳಕ್ಕೂ ನೈಟ್ರೇಟಿಗೂ ಸಂಬಂಧವಿದೆ ಎಂದು ಹೇಳುವಷ್ಟು ಬಲ ಅದರಲ್ಲಿ ಉಳಿಯಲಿಲ್ಲ.

ಓದುಗರಿಗೆ ಇದು ಸಣ್ಣ ವಿಷಯವೆನಿಸಬಹುದು. ನನಗೆ ಹಾಗಿರಲಿಲ್ಲ. ಯುಜಿಸಿಯ 2016ರ ನಿಯಮದ ಪ್ರಕಾರ ಪಿಎಚ್‌ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಪರಿಶೀಲನೆಗೊಳಪಡುವ ಪತ್ರಿಕೆಯೊಂದರಲ್ಲಿ ಕನಿಷ್ಠ ಒಂದು ಪ್ರಬಂಧ ಪ್ರಕಟವಾಗಿರಬೇಕಿತ್ತು. (2022ರ ನಿಯಮಗಳಲ್ಲಿ ಈ ಕಡ್ಡಾಯವನ್ನು ಕೈಬಿಡಲಾಯಿತು.) ಆರು ವರ್ಷದ ಅವಧಿ ಮುಗಿದು, ಮಹಿಳೆಯರಿಗೆ ಕೊಡುವ ಎರಡು ವರ್ಷದ ರಿಯಾಯಿತಿಯಲ್ಲಿ ನಾನು ಓಡುತ್ತಿದ್ದೆ. ಮನೆ, ಮಕ್ಕಳು, ಕಾಲೇಜು ಎಲ್ಲದರ ನಡುವೆ ಕದ್ದ ಹೊತ್ತಿನಲ್ಲಿ ಮಾಡಿದ ಕೆಲಸ. 'ಇಷ್ಟು ವಯಸ್ಸಿನಲ್ಲಿ ಓದು ಯಾಕೆ?' ಎಂದು ಕೇಳುವ ಬಂಧುಗಳಿಗೆ ಉತ್ತರವಾಗಿಯೂ ನನಗೆ ಆ ಪದವಿ ಬೇಕಿತ್ತು.

ಮರುದಿನ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿಕೊಂಡೆ. ಅವರು ನಕ್ಕರು. "ಮೇಡಂ, ಆ ವಾಕ್ಯ ಎಲ್ಲರೂ ಬರೀತಾರೆ. ನಿಮ್ಮ ಬಾಟಲಿ ಚೀಲದಲ್ಲಿತ್ತಾ ಫ್ರಿಜ್ಜಲ್ಲಿತ್ತಾ ಅಂತ ಯಾರು ಬಂದು ನೋಡ್ತಾರೆ?" ಅವರು ಕೆಟ್ಟವರಲ್ಲ. ನನ್ನ ಮೇಲಿನ ಕನಿಕರದಿಂದಲೇ ಹಾಗೆಂದರು. ಅದೇ ವಾರ ನನ್ನ ಈಮೇಲಿಗೆ ಒಂದು ಆಹ್ವಾನ ಬಂತು. ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ. ಅಂಥ ಪತ್ರಿಕೆಗಳು ಆಗ ನಾಯಿಕೊಡೆಗಳಂತೆ ಎದ್ದಿದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಮ್ಮೆಗೇ ತೆಗೆದುಹಾಕಿತು. ನನ್ನನ್ನು ಕರೆದ ಪತ್ರಿಕೆ ಅದರಲ್ಲಿತ್ತೇ ಎಂದು ನಾನು ಹುಡುಕಲು ಹೋಗಲಿಲ್ಲ. ಜನವರಿಯಲ್ಲಿ ಮಾತ್ರ ಆ ಈಮೇಲನ್ನು ಅಳಿಸದೆ ಮೂರು ದಿನ ಹಾಗೇ ಇಟ್ಟಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಮೂರನೆಯ ದಿನ ಅಬ್ಬಾ ಹತ್ತಿರ ಮಾತು ಬಂತು. ಅಬ್ಬಾ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವರು. ವಿಜ್ಞಾನ ಓದಿದವರಲ್ಲ. ಆದರೆ ಅಸರ್ ನಮಾಝಿನ ನಂತರ ಮಸೀದಿಯಲ್ಲಿ ನಡೆಯುವ ಹದೀಸಿನ ದರ್ಸ್‌ಗೆ ತಪ್ಪದೆ ಹೋಗುವವರು. ನನ್ನ ಕಥೆಯನ್ನು ಪೂರ್ತಿ ಕೇಳಿ, "ಆ ಎರಡು ಬಾಟಲಿ ಬಿಟ್ಟು ಉಳಿದದ್ದು ಸರಿ ತಾನೇ?" ಎಂದರು.

"ಸರಿ ಇದೆ ಅಬ್ಬಾ."

"ಹಾಗಾದರೆ ಅತಾ ಇಬ್ನ್ ಅಸ್ಸಾಯಿಬ್ ವಿಷಯ ಇದು, ಬೇಟಿ."

ಅತಾ ಇಬ್ನ್ ಅಸ್ಸಾಯಿಬ್ ಕೂಫಾ ನಗರದ ಹದೀಸ್ ವರದಿಗಾರರು. ಪ್ರಾಮಾಣಿಕರು. ಆದರೆ ಇಳಿವಯಸ್ಸಿನಲ್ಲಿ ಅವರ ನೆನಪು ಕಲಸಿಹೋಯಿತು. ಹದೀಸ್ ವಿದ್ವಾಂಸರು ಏನು ಮಾಡಿದರು? ಒಳ್ಳೆಯವರೆಂದು ಅವರು ಹೇಳಿದ್ದೆಲ್ಲವನ್ನೂ ಒಪ್ಪಲಿಲ್ಲ. ನೆನಪು ಕೆಟ್ಟಿತೆಂದು ಎಲ್ಲವನ್ನೂ ಎಸೆಯಲೂ ಇಲ್ಲ. ಯಾವ ಶಿಷ್ಯ ಅವರಿಂದ ಮೊದಲು ಕೇಳಿದ್ದ, ಯಾವ ಶಿಷ್ಯ ನೆನಪು ಕೆಟ್ಟ ಮೇಲೆ ಕೇಳಿದ್ದ ಎಂದು ವಿಚಾರಿಸಿ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದರು. ಮಾತು ಎಷ್ಟೇ ಸುಂದರವಾಗಿರಲಿ, ಅದನ್ನು ತಂದ ಕೊಂಡಿ ಸಡಿಲವಾಗಿದ್ದರೆ ಹಾಗೆಂದು ಬರೆದಿಟ್ಟರು. ಸನದ್ ಎಂದು ನಾವು ಕರೆಯುವ ಆ ಸರಪಣಿಯ ಇಡೀ ಶಾಸ್ತ್ರ ನಿಂತಿರುವುದು ಈ ಬಿಗಿಯ ಮೇಲೆ.

"ನಿನ್ನ ಬಾಟಲಿಯೂ ಒಂದು ವರದಿಗಾರನೇ" ಎಂದರು ಅಬ್ಬಾ. "ಬಾವಿಯ ಮಾತನ್ನು ನಿನ್ನ ಯಂತ್ರಕ್ಕೆ ತಂದು ಹೇಳುವವನು. ದಾರಿಯಲ್ಲಿ ಅವನಿಗೆ ತಲೆ ತಿರುಗಿತು. ಅದನ್ನು ಬರಿ. ಅಷ್ಟೇ."

ನಾನು ಎಂ.ಎಸ್ಸಿ ಓದಿದ್ದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ವಿವರವಾದ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ಅದೇ ಸೆಂಟ್ರಲ್ ಕಾಲೇಜಿನಲ್ಲಿ. ಅವರು ಆ ಬೆಳಕನ್ನು ಕಂಡದ್ದು ಫೆಬ್ರವರಿ 28ರಂದು, ಕಲ್ಕತ್ತದಲ್ಲಿ. ಉಪನ್ಯಾಸ ಮುಗಿಸಿ ಕಲ್ಕತ್ತಕ್ಕೆ ಮರಳಿ ಅದನ್ನು ಅವಸರದಲ್ಲಿ ಅಚ್ಚು ಹಾಕಿಸಿದರು, ಪ್ರತಿಗಳನ್ನು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ವಿದ್ಯಾರ್ಥಿಯಾಗಿದ್ದಾಗ ಈ ಕಥೆಯಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಆ ವೇಗ. ಆದರೆ ವೇಗ ಮಾತ್ರ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಯಾವ ಬೆಳಕು, ಯಾವ ಬಣ್ಣದ ಗಾಜು, ಯಾವ ದ್ರವ ಎಂಬುದನ್ನು ಬೇರೆಯವರು ಮಾಡಿ ನೋಡುವಂತೆ ಅವರು ಹೇಳಿದ್ದರು. ಜರ್ಮನಿಯ ಪ್ರಿಂಗ್ಸ್‌ಹೈಮ್ ಅದೇ ವರ್ಷ ಪ್ರಯೋಗವನ್ನು ಮತ್ತೆ ಮಾಡಿ ನೋಡಿ 'ರಾಮನ್ ಪರಿಣಾಮ' ಎಂದು ಹೆಸರಿಟ್ಟರು. ನೇಚರ್ ಪತ್ರಿಕೆಗೆ ಹೋದ ಮೊದಲ ಟಿಪ್ಪಣಿಯಲ್ಲಿ ಶಿಷ್ಯ ಕೆ.ಎಸ್. ಕೃಷ್ಣನ್ ಅವರ ಹೆಸರೂ ಇತ್ತು. ಮುಂದೆ ಬೆಂಗಳೂರಿಗೇ ಬಂದು ನೆಲೆಸಿದ ರಾಮನ್ 1934ರಲ್ಲಿ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು, ಅದೇ ವರ್ಷ ಅದರ ಪತ್ರಿಕೆಯನ್ನೂ ಹೊರಡಿಸಿದರು.

ದೂರದಲ್ಲಿರುವ ಅಪರಿಚಿತನೊಬ್ಬ ನನ್ನ ಮಾತನ್ನು ನಂಬಿ ತನ್ನ ಕೆಲಸ ಶುರುಮಾಡುತ್ತಾನೆ. ವಿಧಾನದ ಭಾಗ ಇರುವುದು ಅವನಿಗಾಗಿ. ಅಲ್ಲಿ ನಾನು ಬರೆಯುವುದು ಶಹಾದತ್, ಸಾಕ್ಷ್ಯ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಎಂಟು ವರ್ಷವೂ ಎರಡು ಬಾಟಲಿಯೂ ಬೇಕಾದವು.

ಆ ಭಾನುವಾರ ಬೆಳಗ್ಗೆ ಐಸ್ ಪೆಟ್ಟಿಗೆ ಹಿಡಿದು ಆ ಎರಡು ಮನೆಗಳಿಗೆ ಮತ್ತೆ ಹೋದೆ. ಎರಡನೆಯ ಮನೆಯ ಅಜ್ಜಿ ಗುರುತು ಹಿಡಿದರು. "ಬಾರಮ್ಮ, ಹೋದ ವರ್ಷ ನೀರು ತಗೊಂಡು ಹೋದೆ, ಆಮೇಲೆ ಬರಲೇ ಇಲ್ಲ. ನಮ್ಮ ನೀರು ಹೇಗಿದೆ ಅಂತ ಹೇಳಲಿಲ್ಲವಲ್ಲ" ಎಂದರು. ಒಳಗೆ ಮಗು ಅಳುವುದು ಕೇಳಿಸಿತು. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಮೂರು ತಿಂಗಳು. ಹಾಲು ಸಾಲದೆ ಡಬ್ಬಿಯ ಹಾಲಿನ ಪುಡಿಯನ್ನೂ ಕಲಸಿ ಕೊಡುತ್ತಿದ್ದರು. "ನಲ್ಲಿ ನೀರಿಗೆ ವಾಸನೆ. ಬಾವಿ ನೀರನ್ನೇ ಚೆನ್ನಾಗಿ ಕುದಿಸಿ ಕೊಡ್ತೀವಮ್ಮ" ಎಂದರು ಅಜ್ಜಿ.

ನನ್ನ ಎದೆ ಧಸಕ್ಕೆಂದಿತು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಇದು ಹೆಚ್ಚು ಅಪಾಯ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸುತ್ತದೆ, ಮಗುವಿನ ತುಟಿ, ಉಗುರು ನೀಲಿಯಾಗುತ್ತದೆ. ನನ್ನ ಕೋಷ್ಟಕದಲ್ಲಿ ಆ ಬಾವಿ 45ರ ಮಿತಿಯೊಳಗೇ ಇತ್ತು. ಹಿಂದಿನ ವರ್ಷ ಅಜ್ಜಿ ಕೇಳಿದ್ದರೆ 'ಚೆನ್ನಾಗಿದೆ' ಎಂದೇ ಹೇಳಿಬಿಡುತ್ತಿದ್ದೆ. "ಪರೀಕ್ಷೆ ಆಗುವವರೆಗೆ ಮಗುವಿಗೆ ಈ ನೀರು ಬೇಡಮ್ಮ, ಕಾವೇರಿ ನೀರನ್ನೇ ಕುದಿಸಿ ಕೊಡಿ" ಎಂದು ಹೇಳಿ ಬಂದೆ.

ಸೋಮವಾರ ಬೆಳಗ್ಗೆಯೇ ಅಳೆದೆ. ಆ ಬಾವಿಯ ನೀರು ಮಿತಿಗಿಂತ ಮೇಲಿತ್ತು. ಹಿಂದಿನ ಅಂಕಿ ಬಾಟಲಿಯ ದೋಷವೋ, ಈ ಒಂಬತ್ತು ತಿಂಗಳಲ್ಲಿ ನೀರೇ ಬದಲಾಯಿತೋ ನಾನು ಹೇಳಲಾರೆ. ಹೇಳಲಾಗದಂತೆ ಮಾಡಿಕೊಂಡವಳು ನಾನೇ. ಸಂಜೆ ಹೋಗಿ ಅಜ್ಜಿಗೆ ತಿಳಿಸಿದೆ. ಮಗು ಆರೋಗ್ಯವಾಗಿತ್ತು, ಅಲ್‌ಹಮ್ದುಲಿಲ್ಲಾಹ್. ಅಜ್ಜಿ ನನ್ನನ್ನು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

2018ರ ಏಪ್ರಿಲ್‌ನಲ್ಲಿ 18 ಬಾವಿಗಳಿಂದಲೂ ಮತ್ತೆ ನೀರು ತಂದೆ. ಹಸ್ತಪ್ರತಿಯನ್ನು ಮೊದಲಿಂದ ಬರೆದೆ. ಶೀರ್ಷಿಕೆಯಿಂದ 'ಸಂಬಂಧ' ಎಂಬ ಪದವನ್ನು ತೆಗೆದೆ. ಮೊದಲ ವರ್ಷದ ಕೋಷ್ಟಕದಲ್ಲಿ ಆ ಎರಡು ಅಂಕಿಗಳ ಪಕ್ಕ ನಕ್ಷತ್ರದ ಗುರುತು ಹಾಕಿ, ಅವು ನಾಲ್ಕು ದಿನ ತಂಪಿಲ್ಲದೆ ಇದ್ದವು, ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಕೆಳಗೆ ಬರೆದೆ. ಆ ಸಾಲು ಬರೆಯುವಾಗ ಧಾನ್ಯದ ರಾಶಿಯ ಹದೀಸ್ ನೆನಪಾಯಿತು. ಸಂತೆಯಲ್ಲಿ ಪ್ರವಾದಿವರ್ಯರು(ಸ) ಒಂದು ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಗುಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕಿಡಲಿಲ್ಲ ಎಂದು ಪ್ರವಾದಿವರ್ಯರು(ಸ) ಕೇಳಿದರು. ಧಾನ್ಯ ಒದ್ದೆಯಾದದ್ದು ಅಪರಾಧವಾಗಿರಲಿಲ್ಲ. ಅದನ್ನು ಅಡಿಗೆ ಸರಿಸಿದ್ದು ಅಪರಾಧವಾಗಿತ್ತು.

ಮೊದಲ ಪತ್ರಿಕೆ ಮೂರೇ ವಾರದಲ್ಲಿ ತಿರಸ್ಕರಿಸಿತು. ಹೇಳುವಂಥ ಹೊಸ ಫಲಿತಾಂಶವಿಲ್ಲ ಎಂದಿತು. ಅದು ನಿಜವೇ. ಎರಡನೆಯ ಪತ್ರಿಕೆಯ ಪರಿಶೀಲಕರಲ್ಲಿ ಒಬ್ಬರು ನಕ್ಷತ್ರದ ಆ ಎರಡು ಅಂಕಿಗಳನ್ನು ತೆಗೆದುಹಾಕಿ ಎಂದರು, ಇನ್ನೊಬ್ಬರು ಇರಲಿ ಎಂದರು. ಇರಲಿ ಎಂಬುದಕ್ಕೆ ನನ್ನ ಕಾರಣವನ್ನು ಸಂಪಾದಕರಿಗೆ ಬರೆದೆ, ಅವರು ಒಪ್ಪಿದರು. ಎರಡು ಸಲ ತಿದ್ದಿದ ಮೇಲೆ ಪ್ರಬಂಧ ಸಣ್ಣದಾಗಿ ಅಚ್ಚಾಯಿತು. ಕೊಟ್ಟ ಅವಧಿಯ ಕೊನೆಯ ವಾರದಲ್ಲಿ ಮಹಾಪ್ರಬಂಧ ಸಲ್ಲಿಸಿದೆ. ಅಷ್ಟರಲ್ಲಿ ನನಗಿಂತ ಕಿರಿಯರೊಬ್ಬರಿಗೆ ಬಡ್ತಿ ಸಿಕ್ಕಿತ್ತು. ಬೇಸರವಾಗಲಿಲ್ಲ ಎಂದರೆ ಅದೂ ಸುಳ್ಳಾದೀತು.

ಇಂದು ನನ್ನ ವಿದ್ಯಾರ್ಥಿನಿಯರು ಹಸ್ತಪ್ರತಿ ಹಿಡಿದು ಬರುತ್ತಾರೆ. ಭಾಷೆ ತಿದ್ದಿಸಿಕೊಳ್ಳಲು, ಉಲ್ಲೇಖಗಳನ್ನು ಪತ್ರಿಕೆ ಕೇಳಿದ ಕ್ರಮದಲ್ಲಿ ಜೋಡಿಸಲು, ಕೃತಿಚೌರ್ಯದ ತಪಾಸಣೆಯಲ್ಲಿ ಹೋಲಿಕೆ ಶೇಕಡಾ 10 ಮೀರದಂತೆ ನೋಡಿಕೊಳ್ಳಲು. ಇವೆಲ್ಲ ಬೇಕು, ಕಲಿಸುತ್ತೇನೆ. ಆದರೆ ಮೊದಲು ವಿಧಾನದ ಭಾಗ ತೆಗೆಯಲು ಹೇಳುತ್ತೇನೆ. ಅದರಲ್ಲಿ 'ಎಲ್ಲ' ಎಂಬ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬೆರಳಿಟ್ಟು, "ಎಲ್ಲವೂನಾ?" ಎಂದು ಕೇಳುತ್ತೇನೆ. ಕೆಲವರು ಹೌದು ಎನ್ನುತ್ತಾರೆ. ಕೆಲವರು ತಲೆ ತಗ್ಗಿಸುತ್ತಾರೆ. ಆಗ ಅವರನ್ನು ಕೂರಿಸಿ ನನ್ನ ಎರಡು ಬಾಟಲಿಗಳ ಕಥೆ ಹೇಳುತ್ತೇನೆ.